ಸುತ್ತಿಗೊಂದು ವೇರಿಯಬಲ್: ಕ್ಲೂ ಪರಂಪರೆಯ ಲೂಪ್

ಪೈಥಾನ್, ಸಿ ಶಾರ್ಪ್, ರಸ್ಟ್, ಸ್ವಿಫ್ಟ್, ಯಾವುದನ್ನೇ ತೆರೆದರೂ ‘ಈ ಸಂಗ್ರಹದಲ್ಲಿರುವ ಪ್ರತಿಯೊಂದಕ್ಕೂ ಹೀಗೆ ಮಾಡು’ ಎನ್ನುವ ಲೂಪ್ ಸಿಗುತ್ತದೆ. ಇದರ ಹಿಂದಿರುವ ವಿಚಾರವನ್ನು ಮೊದಲು ಸ್ಪಷ್ಟವಾಗಿ ರೂಪಿಸಿದ್ದು 1970ರ ದಶಕದಲ್ಲಿ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೊವ್ ಮತ್ತು ಸಂಗಡಿಗರು ಕಟ್ಟಿದ ಕ್ಲೂ ಭಾಷೆ. ಕಾರ್ನೆಗಿ ಮೆಲನ್‌ನ ಆಲ್ಫಾರ್ಡ್ ಭಾಷೆಯ ಪ್ರೇರಣೆ ಅದಕ್ಕಿತ್ತು. ಆ ಪರಂಪರೆ ಗಳಿಸಿದ್ದು ದೊಡ್ಡದು. ಆದರೆ ಅದರ ವಾರಸುದಾರರು ಲೂಪಿನ ರೂಪದ ಬಗ್ಗೆ ಪಟ್ಟ ಕಾಳಜಿಯನ್ನು ಅದರ ಅರ್ಥದ ಬಗ್ಗೆ ಪಡಲಿಲ್ಲ.

1957ರ ಫೋರ್ಟ್ರಾನ್‌ನ ಲೂಪ್ ಬರೀ ಎಣಿಸುತ್ತಿತ್ತು. ಸಿ ಭಾಷೆಯ ಮೂರು ಭಾಗದ ಲೂಪ್ ಆ ಎಣಿಕೆಯನ್ನೇ ಸಡಿಲಗೊಳಿಸಿತು. ಎಲ್ಲಿ ಶುರು, ಎಲ್ಲಿ ಕೊನೆ, ಒಂದು ಹೆಚ್ಚೋ ಕಡಿಮೆಯೋ ಎಂಬ ತಲೆನೋವು ಬರೆಯುವವರದೇ. ಲಿಸ್ಕೊವ್ ಅವರ ಚಿಂತೆ ಇನ್ನೂ ಆಳದ್ದು. ದತ್ತಾಂಶದ ಒಳರಚನೆಯನ್ನು ಬಳಸುವವರಿಂದ ಮರೆಮಾಡಬೇಕೆಂಬುದೇ ಕ್ಲೂವಿನ ಮೂಲ ಹಟ. ಗಣವೊಂದರ ಅಂಶಗಳನ್ನು ಕ್ರಮಸಂಖ್ಯೆ ಹಿಡಿದು ಎಣಿಸಲು ಬಿಟ್ಟರೆ, ಒಳಗಿರುವುದು ಅರೇ ಎಂಬ ಗುಟ್ಟು ಲೂಪಿನ ಮೂಲಕವೇ ಹೊರಬೀಳುತ್ತದೆ. ನಾಳೆ ಅದನ್ನು ಟ್ರೀ ಮಾಡಿದರೆ ಬಳಸಿದವರ ಕೋಡೆಲ್ಲ ಮುರಿಯುತ್ತದೆ. ಹಾಗಾಗಿ ಕ್ಲೂ ಇಟರೇಟರ್ ತಂದಿತು. ಸಂಗ್ರಹ ಬರೆದವರೇ ಅಂಶಗಳನ್ನು ಒಂದೊಂದಾಗಿ ‘ಯೀಲ್ಡ್’ ಮಾಡುವ ಪುಟ್ಟ ವಿಧಾನವನ್ನೂ ಬರೆದುಕೊಡುತ್ತಾರೆ. ಲೂಪ್ ಅದನ್ನು ಕರೆಯುತ್ತದೆ. ಒಂದಂಶ ಕೊಟ್ಟು ಇಟರೇಟರ್ ಅಲ್ಲೇ ನಿಲ್ಲುತ್ತದೆ, ಲೂಪಿನ ಒಡಲು ನಡೆಯುತ್ತದೆ, ಮತ್ತೆ ಇಟರೇಟರ್ ನಿಂತಲ್ಲಿಂದ ಮುಂದುವರಿಯುತ್ತದೆ. ಟ್ರೀಯ ಎಡ ಕೊಂಬೆ, ಬಲ ಕೊಂಬೆ ಸುತ್ತುವ ತೊಡಕೆಲ್ಲ ಒಂದೇ ಕಡೆ ಉಳಿಯುತ್ತದೆ. 2001ರ ಪೈಥಾನ್ 2.2, 2005ರ ಸಿ ಶಾರ್ಪ್ 2.0 ಪಡೆದ ‘ಯೀಲ್ಡ್’ ಇದೇ ವಿಚಾರದ ಮುಂದುವರಿಕೆ. ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯಲ್ಲಿ ಇಷ್ಟು ಚಿಕ್ಕ ಸೌಕರ್ಯ ಇಷ್ಟು ಕಾಲ ಬಾಳಿದ್ದು ಅಪರೂಪ.

ಎದುರಿಗೆ ಸ್ಮಾಲ್‌ಟಾಕ್ ಪಂಥವಿತ್ತು. ಅಲ್ಲಿ ಲೂಪ್‌ಗೆ ವ್ಯಾಕರಣವೇ ಬೇಡ. ಸಂಗ್ರಹಕ್ಕೇ ಒಂದು ಬ್ಲಾಕ್ ಕೊಟ್ಟು ‘ಪ್ರತಿಯೊಂದರ ಮೇಲೂ ಇದನ್ನು ನಡೆಸು’ ಎಂದರಾಯಿತು. ಆರಿಸುವುದು, ಮಾರ್ಪಡಿಸುವುದು, ಕೂಡಿಸುವುದು ಎಲ್ಲವೂ ಸಂದೇಶಗಳೇ. ಸೊಗಸಾದ ದಾರಿ. ಆದರೆ ನಡುವೆ ನಿಲ್ಲಿಸಿ ಮುಂದಿನ ಸಾಲಿಗೆ ಹೋಗಬೇಕೆಂದಾಗ, ಎರಡು ಸಂಗ್ರಹಗಳನ್ನು ಬೇರೆ ಬೇರೆ ವೇಗದಲ್ಲಿ ಜೊತೆಗೆ ನಡೆಸಬೇಕೆಂದಾಗ ಅದು ತಡವರಿಸುತ್ತದೆ. ಲಗಾಮು ಲೂಪ್ ಬರೆಯುವವರ ಕೈಯಲ್ಲೇ ಇರಬೇಕೆಂಬ ಪಕ್ಷ ನನ್ನದು.

ಇನ್ನು ಕೊರತೆ. ಲೂಪಿನ ಹೆಸರು, ಅಂದರೆ ಅದರ ವೇರಿಯಬಲ್, ಸುತ್ತಿನಿಂದ ಸುತ್ತಿಗೆ ಒಂದೇಯೋ, ಪ್ರತಿ ಸುತ್ತಿಗೂ ಹೊಸದೋ? ಕ್ಲೂವಿನಲ್ಲಿ ಈ ಪ್ರಶ್ನೆ ಏಳುವಂತಿರಲಿಲ್ಲ. ಅಲ್ಲಿ ಒಂದು ವಿಧಾನದೊಳಗೆ ಇನ್ನೊಂದನ್ನು ಬರೆದು ಹೊರಗಿನ ವೇರಿಯಬಲ್ಲನ್ನು ಹಿಡಿದಿಟ್ಟುಕೊಳ್ಳುವ ಕ್ಲೋಶರ್ ಸೌಲಭ್ಯವೇ ಇರಲಿಲ್ಲ. ಮುಂದಿನವರು ಕ್ಲೋಶರ್ ಇರುವ ಭಾಷೆಗಳಿಗೆ ಆ ಲೂಪನ್ನು ತಂದಾಗ ಈ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಬೇಕಿತ್ತು. ಹತ್ತು ಜನರಿಗೆ ಒಂದೇ ಲೋಟದಲ್ಲಿ ಕಾಫಿ ಸುರಿದು ಕೊಡುತ್ತ ಹೋದರೆ, ಆಮೇಲೆ ಲೋಟದೊಳಗೆ ಇಣುಕುವ ಹತ್ತೂ ಜನರಿಗೆ ಕಾಣುವುದು ಕೊನೆಯ ಕಾಫಿ. ಹತ್ತು ಕ್ಲೋಶರ್‌ಗಳು ಹಂಚಿಕೊಂಡ ಒಂದೇ ವೇರಿಯಬಲ್‌ನ ಕತೆಯೂ ಅದೇ.

ಇದು ಪಂಡಿತರ ಚರ್ಚೆಯಷ್ಟೇ ಅಲ್ಲ. 2020ರ ಫೆಬ್ರವರಿಯಲ್ಲಿ, ಜಾಲತಾಣಗಳಿಗೆ ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಗೋ ಭಾಷೆಯ ತಂತ್ರಾಂಶದಲ್ಲಿ ಇದೇ ಬಗೆಯ ದೋಷ ಪತ್ತೆಯಾಯಿತು. ಹಲವು ಡೊಮೈನ್‌ಗಳನ್ನು ಮರುಪರೀಕ್ಷಿಸಬೇಕಾದ ಕಡೆ ಅದು ಒಂದನ್ನೇ ಅಷ್ಟೂ ಸಲ ಪರೀಕ್ಷಿಸುತ್ತಿತ್ತು. ಸುಮಾರು 30 ಲಕ್ಷ ಪ್ರಮಾಣಪತ್ರಗಳು ತೊಂದರೆಗೆ ಸಿಕ್ಕವು. ಸಿ ಶಾರ್ಪ್ 2012ರಲ್ಲಿ, ಗೋ 2024ರ ಫೆಬ್ರವರಿಯ 1.22 ಆವೃತ್ತಿಯಲ್ಲಿ ಲೂಪಿನ ಅರ್ಥವನ್ನೇ ಬದಲಿಸಿ ಸುತ್ತಿಗೊಂದು ಹೊಸ ವೇರಿಯಬಲ್ ಕೊಟ್ಟವು. ಹಳೆಯ ಕೋಡ್ ಮುರಿಯುವುದಕ್ಕೆ ಹೆದರುವ ಗೋ ತಂಡವೂ ಈ ಹೆಜ್ಜೆ ಇಟ್ಟಿತೆಂದರೆ ತಪ್ಪು ಎಷ್ಟು ದುಬಾರಿಯಾಗಿತ್ತೆಂದು ಊಹಿಸಬಹುದು.

ಜಾವಾದ ವಿಷಯ ಕುತೂಹಲದ್ದು. 2004ರಲ್ಲಿ ಅದು ಈ ಲೂಪ್ ತಂದಾಗ ಹೊಸ ಕೀವರ್ಡ್ ಸೇರಿಸಲು ಹಿಂಜರಿದು ಬರೀ ಕೋಲನ್ ಚಿಹ್ನೆ ಇಟ್ಟುಕೊಂಡಿತು. ಓದಲು ಅದು ಒರಟು. ಆದರೆ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಎಂಬ ನಿಯಮ ಅದರಲ್ಲಿ ಮೊದಲ ದಿನದಿಂದಲೂ ಇದೆ. ಅಂದವಾದ ರೂಪವಿದ್ದೂ ಎಡವಿದ ಭಾಷೆಗಳಿಗಿಂತ ಜಾವಾದ ಆಯ್ಕೆಯೇ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಓದಲು ಇವೆಲ್ಲಕ್ಕಿಂತ ಹಿತವಾದ ಲೂಪ್ ಇರುವ ಪೈಥಾನ್ ಮಾತ್ರ ಇಂದಿಗೂ ಒಂದೇ ವೇರಿಯಬಲ್ಲನ್ನು ಎಲ್ಲ ಸುತ್ತಿಗೂ ಬಳಸುತ್ತದೆ. ಲೂಪ್ ಮುಗಿದ ಮೇಲೂ ಅದು ಉಳಿಯುತ್ತದೆ. ಹಾಗೆ ಉಳಿಯುವುದನ್ನು ನಂಬಿ ಬರೆದ ಕೋಡ್ ಇರುವುದರಿಂದ ಬದಲಾವಣೆ ಸುಲಭವಲ್ಲ. ಪೈಥಾನನ್ನು ಮೊದಲ ಭಾಷೆಯಾಗಿ ಕಲಿಸುವ ಅಧ್ಯಾಪಕರು, ಲೂಪ್ ಬರೆಯುವುದನ್ನು ತೋರಿಸುವ ತರಗತಿಯಲ್ಲೇ ಇದನ್ನೂ ದಯವಿಟ್ಟು ಹೇಳಿಕೊಡಲಿ.