ಹಸುಳೆಗಳ ನಡತೆ: ಸಾಕ್ಷ್ಯದ ವಿಮರ್ಶೆ

ಎರಡು ಮೂರು ವರ್ಷದ ಮಕ್ಕಳಲ್ಲಿ ಹೊಡೆದಾಟ, ರಂಪಗಳು ಗಂಡುಗಳಲ್ಲಿ ಅಧಿಕವೆಂದೂ, ಅಂಜಿಕೆ, ಮಂಕುತನಗಳಲ್ಲಿ ಹೆಚ್ಚಿನ ಅಂತರವಿಲ್ಲವೆಂದೂ ಮನಶ್ಶಾಸ್ತ್ರಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ಈ ನಿರ್ಣಯಕ್ಕೆ ಬಹುಮಟ್ಟಿಗೆ ಆಧಾರವಾದುದು ಮನೆಯವರ ಹೇಳಿಕೆ. ಆಕೆನ್‌ಬಾಕ್ ಮತ್ತು ರೆಸ್ಕೋರ್ಲಾ 2000ದಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ತಾಯಿ ಅಥವಾ ಪೋಷಕರು ಪ್ರತಿಯೊಂದು ನಡತೆಗೂ 0, 1, 2 ಎಂದು ಅಂಕವಿಡುತ್ತಾರೆ.

ಶಾಸನವನ್ನು ಓದುವವನು ಅದನ್ನು ಬರೆಸಿದವರಾರೆಂದು ಮೊದಲು ವಿಚಾರಿಸುತ್ತಾನೆ. ಇಲ್ಲಿಯೂ ಅದೇ ವಿಚಾರಣೆ ಅವಶ್ಯಕ. ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಮಾತಿನಲ್ಲಿ, ನೆಲಕ್ಕೆ ಬಿದ್ದು ಹೊರಳುವ ಮಗ ‘ತುಂಟ’. ಹಾಗೆಯೇ ಹೊರಳುವ ಮಗಳು ‘ಹಠಮಾರಿ’. ಮೂಲೆ ಹಿಡಿದು ಮಾತನಾಡದ ಹೆಣ್ಣುಕೂಸು ‘ಬಲು ಸಾಧು’ ಎಂಬ ಹೊಗಳಿಕೆಗೆ ಪಾತ್ರವಾಗುತ್ತದೆ. ಈರುಳ್ಳಿ ಕೀಳುವ ದಿನಗಳಲ್ಲಂತೂ ತಾಯಿ ಹೊಲದಲ್ಲಿರುತ್ತಾಳೆ. ಕೂಸನ್ನು ನೋಡುವವಳು ಅಜ್ಜಿ ಇಲ್ಲವೆ ಅಕ್ಕ.

ಅಂತರವೆಲ್ಲವೂ ನೋಡುವ ಕಣ್ಣಿನದೇ ಎನ್ನಲಾಗದು. ನೇರ ವೀಕ್ಷಣೆಯಲ್ಲೂ ಗಂಡುಮಕ್ಕಳ ಹೊಡೆದಾಟ ಹೆಚ್ಚೆಂದು ಕಂಡುಬಂದಿದೆ. ಸಂದೇಹವಿರುವುದು ಕಾಣದ ತೊಂದರೆಗಳ ವಿಷಯದಲ್ಲಿ. ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಬೆಂಗಳೂರಿನ ಸಮೀಕ್ಷೆಯಲ್ಲಿ ಮೂರು ವರ್ಷದವರೆಗಿನ ಮಕ್ಕಳ ಪೈಕಿ ಶೇಕಡ 13.8ರಷ್ಟು ಮಂದಿಯಲ್ಲಿ ತೊಂದರೆಗಳಿದ್ದುವು. ಅವುಗಳಲ್ಲಿ ಪ್ರಮುಖವಾದ ಉಸಿರುಗಟ್ಟಿ ಅಳುವುದು, ಮಣ್ಣು ಮೊದಲಾದುವನ್ನು ತಿನ್ನುವುದು ಯಾರ ಕಣ್ಣಿಗೂ ಬೀಳುವಂಥವು. ಅಂಜಿಕೆಯು ಹಾಗಲ್ಲ.

ಆದುದರಿಂದ ಉತ್ತರ ಕೊಟ್ಟವರು ಯಾರೆಂಬುದನ್ನು ಪ್ರತಿಯೊಂದು ಪಟ್ಟಿಯಲ್ಲೂ ನಮೂದಿಸಬೇಕು. ತಾಯಿ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆ ಇವರ ಹೇಳಿಕೆಗಳನ್ನು ಹೋಲಿಸಿ ನೋಡಬೇಕು. ಇಲ್ಲವಾದರೆ ನೊಂದು ಮೌನವಾದ ಹೆಣ್ಣುಮಗು ನಮ್ಮ ಕೋಷ್ಟಕಗಳಲ್ಲಿ ನೆಮ್ಮದಿಯ ಮಗುವೆಂದೇ ಎಣಿಕೆಯಾಗುವುದು.