ಬಿಡುಗಡೆಯಾಗದ ಗೇಮಿನ ಕಂಬಗಳು

ಹರಿಹರದ ಹರಿಹರೇಶ್ವರ ಗುಡಿಯ ಕಂಬವೊಂದನ್ನು ಗೇಮಿಗಾಗಿ ಕಂಪ್ಯೂಟರಿನಲ್ಲಿ ಮಾಡುವುದು ದೊಡ್ಡ ವಿಷಯವೇನಲ್ಲ. ಕಂಬದ ಒಂದು ಬದಿಯ ಅಂಚನ್ನು ಗೆರೆಯಾಗಿ ಬರೆದು ಅಕ್ಷದ ಸುತ್ತ ತಿರುಗಿಸಿದರೆ ಬಳೆ, ಕೊರಳು, ಗಂಟೆಯಾಕಾರ ಎಲ್ಲ ಒಟ್ಟಿಗೇ ಮೂಡುತ್ತವೆ. ಕೆಲವು ತಂತ್ರಾಂಶಗಳಲ್ಲಿ ಹೀಗೆ ತಿರುಗಿಸುವ ಉಪಕರಣದ ಹೆಸರೇ ಲೇತ್. 1223-24ರಲ್ಲಿ ಹೊಯ್ಸಳರ ಪೋಲಾಳ್ವ ದಂಡನಾಥ ಕಟ್ಟಿಸಿದ ಈ ಗುಡಿಯಲ್ಲಿರುವುದೂ ತಿರುಗಣೆಯ ಕಂಬಗಳೇ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇದೇ ಊರಲ್ಲಿ ಕಬ್ಬಿಣದ ಲೇತ್ ತಯಾರಿಸಿತು. ಹರಿಹರದವರಿಗೆ ಲೇತ್ ಎಂದರೇನೆಂದು ಬೇರೆ ಊರಿನವರು ಬಂದು ಹೇಳಬೇಕಿಲ್ಲ!

ಗೇಮ್ ಕಲಾವಿದನಿಗೆ ಕಷ್ಟ ಶುರುವಾಗುವುದು ಕಂಬ ನಿಂತ ಮೇಲೆ. ಮಂಟಪದ ಹೊರಗೋಡೆ ಮೀಟರಿನಷ್ಟೇ ಎತ್ತರ. ಅದರ ಮೇಲೆ ಗಿಡ್ಡ ಕಂಬಗಳು, ಒಳಗೆ ಪೂರ್ತಿ ಉದ್ದದವು. ಬೆಳಕು ಸುತ್ತಲಿಂದ ನುಗ್ಗಿ ನಡುವಿಗೆ ಬರುವಷ್ಟರಲ್ಲಿ ಮಂಕಾಗುತ್ತದೆ. ಆಟಗಾರ ಆ ಮೋಟುಗೋಡೆ ಹಾರಬಹುದೆ, ಅದರ ಹಿಂದೆ ಅಡಗಬಹುದೆ? ಬೆನ್ನ ಹಿಂದೆ ಬರುವ ಕ್ಯಾಮೆರಾ ಇಷ್ಟೊಂದು ಕಂಬಗಳ ನಡುವೆ ಸಿಕ್ಕಿಕೊಳ್ಳದೆ ತಿರುಗುವುದು ಹೇಗೆ? ಚಾವಣಿಯ ಕಮಲ ಕಾಣಲೆಂದು ಯಾರಾದರೂ ತಲೆಯೆತ್ತುತ್ತಾರೆಯೆ? ಅದಕ್ಕೇ ಬಲ್ಲವರು ಮೊದಲು ಬಣ್ಣವಿಲ್ಲದ ಬೂದು ಡಬ್ಬಿಗಳನ್ನು ಜೋಡಿಸಿ, ಒಳಗೆ ಓಡಾಡಿ ನೋಡಿ, ಆಮೇಲೆ ಕೆತ್ತನೆಗೆ ಕೈಹಾಕುತ್ತಾರೆ.

ಪುಟ್ಟ ತಂಡಗಳ ಗೇಮುಗಳಲ್ಲಿ ಎಷ್ಟೋ ಸಲ ಈ ಕ್ರಮ ತಲೆಕೆಳಗಾಗುತ್ತದೆ. ದುಡ್ಡು ಹಾಕುವವರ ಕಣ್ಣಿಗೆ ಮೊದಲು ಬೀಳುವುದು ಟ್ರೇಲರ್ ಮತ್ತು ನಾಲ್ಕಾರು ಸ್ಕ್ರೀನ್‌ಶಾಟ್. ಹಾಗಾಗಿ ಕಲಾವಿದ ಒಂದೇ ಗೋಡೆಗೆ ತಿಂಗಳುಗಟ್ಟಲೆ ಪಾಚಿ, ಬಿರುಕು, ಕುಂಕುಮದ ಕಲೆ ಹಚ್ಚುತ್ತ ಕೂರುತ್ತಾನೆ; ಆ ಗೋಡೆ ದಾಟಿದರೆ ಎಲ್ಲ ಬರೀ ಬೂದು. ನಿಂತು ನೋಡುವ ಚಿತ್ರವಾಗಿ ಅದು ಚೆನ್ನ. ಆಡುವ ಜಾಗವಾಗಿ ಇನ್ನೂ ಹುಟ್ಟಿಯೇ ಇಲ್ಲ.

ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ ಈ ಹಾದಿಯನ್ನು ದಾಟಿ ಬಂದ ಗೇಮ್. ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಬೇಕಾದಷ್ಟು ಹಣ ಕೂಡಲಿಲ್ಲ; ಆದರೂ 2020ರಲ್ಲಿ ಹೊರಬಂತು. ಪಹಾಡಿ ಚಿತ್ರಗಳ ಬಣ್ಣ, ರಾಜಸ್ಥಾನಿ ಕೋಟೆಗಳ ನೋಟ, ಕಥೆ ಹೇಳಲು ತೊಗಲುಬೊಂಬೆಯಾಟದ ಶೈಲಿ: ಕಣ್ಣಿಗೆ ಹಬ್ಬ, ಎರಡು ಮಾತಿಲ್ಲ. ಆದರೆ ಕ್ಯಾಮೆರಾ ಆಟಗಾರನ ಕೈಯಲ್ಲಿಲ್ಲ. ದೂರದಿಂದ ಚೌಕಟ್ಟು ಕಟ್ಟಿ ತೋರಿಸುವುದನ್ನೇ ನೋಡಬೇಕು. ಇಷ್ಟಪಟ್ಟ ಕೆತ್ತನೆಯತ್ತ ಅದನ್ನು ನಾವಾಗಿ ತಿರುಗಿಸುವಂತಿಲ್ಲ. ಕಲಾವಿದರ ಕೆಲಸ ಗೆದ್ದದ್ದೂ ಸೋತದ್ದೂ ಅಲ್ಲೇ ಎಂದು ನನಗನಿಸುತ್ತದೆ.

ಹರಿಹರದ ಪಕ್ಕದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿತವರಿಗೆ ಗೇಮ್ ಕೆಲಸವೆಂದರೆ ಬೆಂಗಳೂರಿನ ಬಸ್ಸು. ಅಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶಿ ಗೇಮುಗಳಿಗೆ ಚಿತ್ರಕೆಲಸ ಮಾಡಿಕೊಡುತ್ತ ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ಪಾಲಾಯಿತು. ಅಂಥ ಕಡೆ ಕಲ್ಪನೆ ಬೇರೆಯವರದು, ತಿಂಗಳ ಸಂಬಳ ನಮ್ಮದು. ಪುಟ್ಟ ತಂಡದಲ್ಲಿ ಕಲ್ಪನೆಯೇನೋ ನಮ್ಮದೇ. ಸಂಬಳದ ಜಾಗದಲ್ಲಿ ಮಾತ್ರ ಹಲವು ಸಲ ‘ಗೇಮ್ ಬಂದ ಮೇಲೆ ಲಾಭದಲ್ಲಿ ಪಾಲು’ ಎಂಬ ಮಾತಿರುತ್ತದೆ. ಗೇಮ್ ಅರ್ಧಕ್ಕೇ ನಿಂತರೆ ಪಾಲೂ ಇಲ್ಲ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಮಾಡಿದ್ದನ್ನು ಇನ್ನೊಬ್ಬರಿಗೆ ತೋರಿಸುವಂತೆಯೂ ಇಲ್ಲ.

ಅದಕ್ಕೇ, ಕೆಲಸ ನಿಂತು ಇಷ್ಟು ತಿಂಗಳಾದ ಮೇಲೆ ಚಿತ್ರಗಳನ್ನು ತೋರಿಸಬಹುದು ಎಂಬ ಸಾಲನ್ನು ಸಹಿಗೆ ಮುಂಚೆಯೇ ಕೇಳಿ ಸೇರಿಸಿಕೊಳ್ಳಬೇಕು. ತೋರಿಸುವಾಗ ಪಾಚಿ ಹಚ್ಚಿದ ಗೋಡೆಯ ಜೊತೆಗೆ ಬೂದು ಮಂಟಪದೊಳಗೆ ಓಡಾಡುವ ಒಂದು ನಿಮಿಷದ ವಿಡಿಯೊ ಕೂಡ ಇರಲಿ. ಕೆಲಸ ಕೊಡುವವರು ಮೊದಲು ಆ ವಿಡಿಯೊ ನೋಡಲಿ.