ಪೊರೆಯ ಸ್ಥಿತ್ಯಂತರ ಮತ್ತು ಗಣಕ ಮಾದರಿಗಳು: ಒಂದು ವಿಮರ್ಶೆ

ಜೀವಕೋಶದ ಪೊರೆಯಲ್ಲಿ ಲಿಪಿಡ್ ಅಣುಗಳು ಎರಡು ಪದರಗಳಾಗಿ ಹರಡಿಕೊಂಡಿವೆ ಎಂಬ ಕಲ್ಪನೆಯನ್ನು 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಮುಂದಿಟ್ಟರು. ಇಂತಹ ಪದರವು ತಂಪಿನಲ್ಲಿ ಬಿಗಿಯಾದ ಜೆಲ್ ಸ್ಥಿತಿಯಲ್ಲಿರುತ್ತದೆ; ಉಷ್ಣತೆ ಏರಿದಾಗ ಅಣುಗಳ ಬಾಲಗಳು ಬಾಗಿ, ಬಳುಕಿ ಪೊರೆಯು ದ್ರವಸ್ಥಿತಿಯನ್ನು ಹೊಂದುತ್ತದೆ. ಡಿಪಿಪಿಸಿ ಎಂಬ ಲಿಪಿಡ್‌ನಲ್ಲಿ ಈ ಸ್ಥಿತ್ಯಂತರ ನಡೆಯುವುದು ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಗ ಪ್ರತಿಯೊಂದು ಅಣು ಆಕ್ರಮಿಸುವ ವಿಸ್ತೀರ್ಣವು ಸುಮಾರು 0.48 ಚದರ ನ್ಯಾನೊಮೀಟರಿನಿಂದ 0.63ಕ್ಕೆ ಏರುತ್ತದೆ.

ಈ ವಿದ್ಯಮಾನವನ್ನು ಗಣಕಯಂತ್ರದಲ್ಲಿ ಮರುಸೃಷ್ಟಿಸುವ ಪ್ರಯತ್ನಗಳಲ್ಲಿ ಎರಡು ಧಾರೆಗಳನ್ನು ಇಲ್ಲಿ ಪರಿಶೀಲಿಸಬಹುದು. ಮೊದಲನೆಯದು ಜಾಲಕ ಮಾದರಿ. 1978ರಲ್ಲಿ ಡೋನಿಯಾಕ್ ಪ್ರತಿ ಅಣುವಿಗೂ ಕ್ರಮಬದ್ಧ, ಅಕ್ರಮ ಎಂಬ ಎರಡೇ ಸ್ಥಿತಿಗಳನ್ನು ಕಲ್ಪಿಸಿದರು. 1980ರಲ್ಲಿ ಪಿಂಕ್ ಮತ್ತು ಸಹೋದ್ಯೋಗಿಗಳು ಅವುಗಳನ್ನು ಹತ್ತಕ್ಕೆ ವಿಸ್ತರಿಸಿದರು. ಇವು ಸಂಕ್ರಮಣ ಉಷ್ಣತೆಯನ್ನು ಸರಿಯಾಗಿಯೇ ಕೊಡುತ್ತವೆ. ಆದರೆ ಅಣುಗಳ ನಡುವಣ ಆಕರ್ಷಣೆಯ ಮೌಲ್ಯವನ್ನು ಪ್ರಯೋಗದ ಫಲಿತಾಂಶಕ್ಕೆ ಹೊಂದಿಸಿಯೇ ಆರಿಸಲಾಗಿದೆ. ಆದ್ದರಿಂದ ಆ ಸಂಖ್ಯೆಯ ಹೊಂದಾಣಿಕೆಯನ್ನು ಮಾದರಿಯ ಸಮರ್ಥನೆಯೆಂದು ಪರಿಗಣಿಸಲಾಗದು. ಅವುಗಳ ನಿಜವಾದ ಕೊಡುಗೆ ಬೇರೆಡೆ ಇದೆ: ಸ್ಥಿತ್ಯಂತರದ ಸಮೀಪದಲ್ಲಿ ಒಂದು ಸ್ಥಿತಿಯ ನಡುವೆ ಇನ್ನೊಂದರ ದ್ವೀಪಗಳು ಹುಟ್ಟಿ ಅಳಿಯುವುದನ್ನು ಅವು ತೋರಿಸಿಕೊಟ್ಟವು.

ಎರಡನೆಯದು ಮ್ಯಾರಿಂಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿ, 2007ರಲ್ಲಿ ಮಾರ್ಟಿನಿ ಎಂಬ ಹೆಸರಿನಲ್ಲಿ ಪರಿಷ್ಕರಿಸಿದ ಮಾದರಿ. ಇಲ್ಲಿ ಸಾಮಾನ್ಯವಾಗಿ ಹೈಡ್ರೊಜನ್ ಹೊರತಾದ ನಾಲ್ಕು ಪರಮಾಣುಗಳನ್ನು ಒಂದು ಮಣಿಯಾಗಿ ಕೂಡಿಸಲಾಗುತ್ತದೆ. ಇದರಿಂದ ಲೆಕ್ಕದ ಹೊರೆ ಬಹಳವಾಗಿ ಇಳಿಯಿತು. ಜೆಲ್ ಸ್ಥಿತಿ ಮೊಳೆತು ಬೆಳೆಯುವ ಪರಿಯನ್ನು ಕಾಣುವುದು ಸಾಧ್ಯವಾಯಿತು. ಆದರೆ 2005ರ ಅಧ್ಯಯನದಲ್ಲಿ ಡಿಪಿಪಿಸಿಗೆ ದೊರೆತ ಸಂಕ್ರಮಣ ಉಷ್ಣತೆ ಸುಮಾರು 295 ಕೆಲ್ವಿನ್, ಎಂದರೆ 22 ಡಿಗ್ರಿ ಸೆಲ್ಸಿಯಸ್. ಪ್ರಯೋಗಕ್ಕೂ ಇದಕ್ಕೂ ಸುಮಾರು 19 ಡಿಗ್ರಿಗಳ ಅಂತರ. ಬಾಲಗಳ ಸೂಕ್ಷ್ಮ ಬಾಗುವಿಕೆಯೇ ಕರಗುವಿಕೆಯ ಮೂಲವಾಗಿರುವಾಗ, ಅದನ್ನು ಮಣಿಯೊಳಗೆ ಅಡಗಿಸಿದ ಮಾದರಿಯಿಂದ ನಿಖರತೆಯನ್ನು ನಿರೀಕ್ಷಿಸುವುದು ಕಷ್ಟ.

ಈ ಅಂತರವು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ದೇಹದ 37 ಡಿಗ್ರಿಯಲ್ಲಿ ಔಷಧಿಯನ್ನು ಹಿಡಿದಿಟ್ಟು, ಹೊರಗಿನಿಂದ ಕಾಯಿಸಿದ ಗಡ್ಡೆಯಲ್ಲಿ 40ರಿಂದ 42 ಡಿಗ್ರಿಯ ಆಸುಪಾಸಿನಲ್ಲಿ ಬಿಡುಗಡೆ ಮಾಡುವ ಲೈಪೊಸೋಮ್‌ಗಳನ್ನು ಡಿಪಿಪಿಸಿಯನ್ನು ಪ್ರಧಾನವಾಗಿಟ್ಟುಕೊಂಡು ರೂಪಿಸಲಾಗಿದೆ. ಅಲ್ಲಿ ಕೆಲಸ ನಡೆಯುವುದೇ ನಾಲ್ಕೈದು ಡಿಗ್ರಿಗಳ ಅವಕಾಶದಲ್ಲಿ. ಹತ್ತೊಂಬತ್ತು ಡಿಗ್ರಿ ತಪ್ಪುವ ಮಾದರಿಯ ಸಂಖ್ಯೆಯನ್ನು ನೇರವಾಗಿ ಅಲ್ಲಿಗೆ ಅನ್ವಯಿಸುವಂತಿಲ್ಲ.

ವಿಧಾನದ ದೋಷವನ್ನೂ ಗಮನಿಸಬೇಕು. ಅಲ್ಪ ಕಾಲದ ಗಣನೆಯಲ್ಲಿ ಕಾಯಿಸುವಾಗ ಸ್ಥಿತ್ಯಂತರ ಮೇಲಕ್ಕೂ, ತಣಿಸುವಾಗ ಕೆಳಕ್ಕೂ ಜಾರುತ್ತದೆ. ಒಂದೇ ದಿಕ್ಕಿನಲ್ಲಿ ಪಡೆದ ಉಷ್ಣತೆಯನ್ನು ಅಂತಿಮವೆಂದು ಸ್ವೀಕರಿಸಲಾಗದು. ಎರಡೂ ಸ್ಥಿತಿಗಳನ್ನು ಅಕ್ಕಪಕ್ಕದಲ್ಲಿರಿಸಿ ಅವುಗಳ ಗಡಿ ಯಾವ ಕಡೆಗೆ ಸರಿಯುತ್ತದೆಂದು ನೋಡುವುದು ಹೆಚ್ಚು ವಿಶ್ವಾಸಾರ್ಹ. ಪೊರೆಯ ಗಾತ್ರವನ್ನು ಬದಲಿಸಿ ಪರೀಕ್ಷಿಸುವುದೂ ಅಗತ್ಯ.

ಹಾಗೆಂದು ಮಾರ್ಟಿನಿಯ ಸೋಲನ್ನು ಜಾಲಕ ಮಾದರಿಯ ಗೆಲುವಿಗಿಂತ ಕೀಳೆಂದು ಭಾವಿಸಬೇಕಾಗಿಲ್ಲ. ಅದರ ಮಣಿಗಳನ್ನು ಮುಖ್ಯವಾಗಿ ನೀರು ಮತ್ತು ಎಣ್ಣೆಯಂತಹ ದ್ರವಗಳ ನಡುವಿನ ಹಂಚಿಕೆಗೆ ಹೊಂದಿಸಲಾಗಿತ್ತು. ಸಂಕ್ರಮಣ ಉಷ್ಣತೆಯನ್ನು ಅದಕ್ಕೆ ಮೊದಲೇ ಹೇಳಿಕೊಟ್ಟಿರಲಿಲ್ಲ. ಉತ್ತರವನ್ನು ಮೊದಲೇ ತಿಳಿದ ಮಾದರಿ ತಪ್ಪುವುದಿಲ್ಲ, ಕಲಿಸುವುದೂ ಕಡಿಮೆ. ಆದುದರಿಂದ ಗಣಕ ಮಾದರಿಯ ಫಲಿತಾಂಶವನ್ನು ಓದುವ ಸಂಶೋಧಕನು ಸಂಖ್ಯೆಯನ್ನು ಮೆಚ್ಚುವುದಕ್ಕೆ ಮುನ್ನ, ಅದರೊಳಗೆ ಏನನ್ನು ಇಡಲಾಯಿತು, ಏನನ್ನು ಬಿಡಲಾಯಿತು ಎಂಬುದನ್ನು ವಿಚಾರಿಸುವುದು ಲೇಸು.